ಹಕ್ಕಿ ಎಣಿಸಿದ್ರೆ ಏನ್ ಸಿಗ್ತದ? ಮಹಾಗಾಂವ, ಗಂಡೋರಿ ನಾಲಾ ಭಾಗದ ಮಂದಿ ತಿಳಿಯಬೇಕಾದ ಲೆಕ್ಕ

ಕಮಲಾಪುರ: ಮಹಾಗಾಂವ ಕ್ರಾಸ್‌ನಲ್ಲಿ ಬಸ್ಸಿಗೆ ಕಾಯುವವರು ಚಳಿಗಾಲದ ಒಂದು ಮುಂಜಾನೆ ಮೊಬೈಲ್ ಕಿಸೆಗೆ ಹಾಕಿ, ರಸ್ತೆ ಬದಿಯ ಕರೆಂಟ್ ತಂತಿ ಕಡೆ ತಲೆ ಎತ್ತಿ ನೋಡಬೇಕು. ಕೂತಾಗ ಮಣ್ಣಿನ ಬಣ್ಣ, ಹಾರಿದಾಗ ರೆಕ್ಕೆ ತುಂಬ ನೀಲಿ. ಅದೇ ನೀಲಕಂಠ. ನಮ್ಮ ರಾಜ್ಯದ ಪಕ್ಷಿ. ಪಕ್ಕದ ತೆಲಂಗಾಣದವರು ಇದನ್ನ ಪಾಲಪಿಟ್ಟ ಅಂತಾರೆ, ಅವರಿಗೂ ಇದೇ ರಾಜ್ಯ ಪಕ್ಷಿ. ದಸರಾ ದಿನ ಕಣ್ಣಿಗೆ ಬಿದ್ದರೆ ಶುಭ ಅನ್ನೋ ನಂಬಿಕೆ ಅಲ್ಲಿ ಇವತ್ತಿಗೂ ಉಂಟು.

ಈ ನೀಲಕಂಠ ದೇಶದ ತುಂಬ ಕಡಿಮೆ ಆಗುತ್ತಿದೆ. 2023ರ ಆಗಸ್ಟ್‌ನಲ್ಲಿ ಬಂದ 'ಭಾರತದ ಪಕ್ಷಿಗಳ ಸ್ಥಿತಿಗತಿ' ವರದಿ, ಶೇ 30ಕ್ಕಿಂತ ಹೆಚ್ಚು ಕುಸಿದಿರುವ 14 ಜಾತಿಗಳನ್ನು ಹೆಸರಿಸಿ, ಅವುಗಳಿಗೆ ಅಪಾಯ ಎಷ್ಟಿದೆ ಅನ್ನೋದನ್ನು ಜಾಗತಿಕ ಕೆಂಪು ಪಟ್ಟಿಯವರು ಮತ್ತೆ ನೋಡಬೇಕು ಎಂದು ಹೇಳಿತು. ಆ 14ರಲ್ಲಿ ನೀಲಕಂಠವೂ ಒಂದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಕ್ಕಿ ಕಡಿಮೆ ಆದವು ಅಂತ ಗೊತ್ತಾಗಿದ್ದು ಹೆಂಗ? ಸರ್ಕಾರ ಮನೆ ಮನೆ ಜನಗಣತಿ ಮಾಡಿದಂಗ ಯಾರೂ ಗಿಡ ಗಿಡಕ್ಕೆ ಹೋಗಿ ಬರೆದುಕೊಂಡಿಲ್ಲ. ಆ ವರದಿಗೆ ಆಧಾರ ಆಗಿದ್ದು ಸುಮಾರು 30 ಸಾವಿರ ಸಾಮಾನ್ಯ ಜನ ಬರೆದಿಟ್ಟ 3 ಕೋಟಿಯಷ್ಟು ದಾಖಲೆಗಳು. ಅವರಲ್ಲಿ ಮಾಸ್ತರರು, ಬ್ಯಾಂಕ್ ನೌಕರರು, ಕಾಲೇಜು ಹುಡುಗರು, ನಿವೃತ್ತರು ಎಲ್ಲರೂ ಇದ್ದಾರೆ. ಪಗಾರ ಯಾರಿಗೂ ಇಲ್ಲ. ಮುಂಜಾನೆ ಎದ್ದು 15 ನಿಮಿಷ ನಿಂತು ಕಂಡ ಹಕ್ಕಿ ಎಣಿಸಿ, ಇ-ಬರ್ಡ್ ಎಂಬ ಆ್ಯಪ್‌ನಲ್ಲಿ ಹಾಕುತ್ತಾರೆ, ಅಷ್ಟೇ. ಇಂಥವರಿಗೆ ಹವ್ಯಾಸಿ ನಿಸರ್ಗ ವೀಕ್ಷಕರು ಅಂತ ಹೆಸರು. ಒಟ್ಟು 942 ಜಾತಿಗಳನ್ನು ಈ ಲೆಕ್ಕದಿಂದಲೇ ಪರಿಶೀಲಿಸಿ, 178 ಜಾತಿಗಳಿಗೆ ತುರ್ತು ಗಮನ ಬೇಕು ಎಂದು ಗುರುತಿಸಲಾಯಿತು.

ಸಮಸ್ಯೆ ಇರೋದು ನಕ್ಷೆಯಲ್ಲಿ. ಬೆಂಗಳೂರು, ಮೈಸೂರು, ಮಲೆನಾಡು ಕಡೆ ಇಂಥ ಪಟ್ಟಿಗಳು ದಂಡಿಯಾಗಿವೆ. ಅಲ್ಲಿ ಹವ್ಯಾಸ ಹಳೆಯದು, ಬೆಂಗಳೂರಿನ ಪಕ್ಷಿ ವೀಕ್ಷಕರ ಕ್ಲಬ್ ಶುರುವಾಗಿದ್ದೇ 1970ರ ದಶಕದಲ್ಲಿ. ನಮ್ಮ ಕಲ್ಯಾಣ ಕರ್ನಾಟಕದ ಕಡೆ ಪಟ್ಟಿಗಳು ವಿರಳ. ಪಟ್ಟಿ ಇಲ್ಲದ ಊರಿನಲ್ಲಿ ಹಕ್ಕಿ ಇದ್ದರೂ ಇಲ್ಲದಂತೆ, ಹೋದರೂ ಹೋದದ್ದು ಯಾರಿಗೂ ತಿಳಿಯದಂತೆ.

ಅಟ್ಟಣಿಗೆ ಮೇಲಿನ ಲೆಕ್ಕ

ಹಾಗಂತ ಹಕ್ಕಿ ನೋಡೋದು ನಮ್ಮ ಕಡೆ ಹೊಸ ಫ್ಯಾಷನ್ ಏನಲ್ಲ. ಜೋಳ ತೆನಿ ಕಟ್ಟಿದಾಗ ಅಟ್ಟಣಿಗೆ ಮೇಲೆ ಕವಣಿ ಹಿಡಿದು ಕೂತ ಮಂದಿ ಈ ಭಾಗದಲ್ಲಿ ಈಗಲೂ ಇದ್ದಾರೆ. ಯಾವ ಹಕ್ಕಿ ಯಾವ ಹೊತ್ತಿಗೆ ಬರುತ್ತದೆ, ಯಾವುದು ಕಾಳು ತಿನ್ನುತ್ತದೆ, ಯಾವುದು ಹುಳ ತಿನ್ನುತ್ತದೆ ಅಂತ ಅವರಿಗೆ ಗೊತ್ತಿದ್ದಷ್ಟು ಪುಸ್ತಕ ಓದಿದವರಿಗೆ ಗೊತ್ತಿಲ್ಲ. ಅವರು ಬರೆದಿಡಲಿಲ್ಲ ಅನ್ನೋದೊಂದೇ ಕೊರತೆ.

ಸೀತನಿ ತಿನ್ನುವ ದಿನಗಳಲ್ಲಿ ಹೊಲದ ಮೇಲೆ ಮೋಡ ಇಳಿದಂಗ ಇಳಿಯುವ ಗುಲಾಬಿ ಕಬ್ಬಕ್ಕಿಯನ್ನೇ ನೋಡ್ರಿ. ತಲೆ, ರೆಕ್ಕೆ ಕಪ್ಪು, ಮೈ ನಸುಗುಲಾಬಿ. ಇದು ಇಲ್ಲಿಯ ಹಕ್ಕಿ ಅಲ್ಲ. ಮರಿ ಮಾಡೋದು ಕಝಕಿಸ್ತಾನದಂಥ ಮಧ್ಯ ಏಷ್ಯಾದ ಹುಲ್ಲು ಬಯಲುಗಳಲ್ಲಿ. ಮಳಿಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆ ಬಂದು ಬ್ಯಾಸಗಿ ಏರುವ ತನಕ ಇರುತ್ತದೆ. ಜೋಳ ತಿನ್ನುವುದರಿಂದ ರೈತರಿಗೆ ಇದರ ಮೇಲೆ ಸಿಟ್ಟು, ಅದು ಸಹಜ. ಆದರೆ ಇದೇ ಹಕ್ಕಿ ಮಿಡತೆಗಳನ್ನೂ ಹಿಂಡಾಗಿ ಬಂದು ತಿನ್ನುತ್ತದೆ. ಮಿಡತೆ ಕಾಟ ಇರುವ ದೇಶಗಳಲ್ಲಿ ರೈತರು ಇದನ್ನ ದೋಸ್ತ ಅಂತಲೇ ತಿಳಿಯುತ್ತಾರೆ. ಫೆಬ್ರುವರಿ, ಮಾರ್ಚ್‌ನಲ್ಲಿ ಮುತ್ತಲ ಗಿಡ ಕೆಂಪಗೆ ಹೂ ಬಿಟ್ಟಾಗ ಅದರ ಮಕರಂದ ಕುಡಿಯಲು ಗದ್ದಲ ಮಾಡುವವೂ ಇವೇ.

ಗೀಜಗನ ಕಥೆ ಬ್ಯಾರೆ. ಹೊಲದ ಬಾವಿ ಮೇಲೆ ಬಾಗಿದ ಜಾಲಿ ಗಿಡಕ್ಕೆ ಇದು ಗೂಡು ನೇತು ಹಾಕುತ್ತದೆ. ಕೆಳಗೆ ನೀರು, ಸುತ್ತ ಮುಳ್ಳು, ಹಾವು ಬರೋದು ಕಷ್ಟ. ಗಂಡು ಹಕ್ಕಿ ಹುಲ್ಲಿನ ಎಳೆ ಸೀಳಿ ಅರ್ಧ ಗೂಡು ನೇಯ್ದು ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷೆ ಮಾಡಿ ಒಪ್ಪಿದರೆ ಮಾತ್ರ ಮುಂದಿನ ಕೆಲಸ, ಇಲ್ಲದಿದ್ದರೆ ಆ ಗೂಡು ಅಲ್ಲಿಗೇ ಬಿಟ್ಟು ಹೊಸದು. ಬೋರ್‌ವೆಲ್ ಬಂದ ಮೇಲೆ ತೆರೆದ ಬಾವಿಗಳು ಪಾಳು ಬಿದ್ದವು, ಹಲವು ಮುಚ್ಚಿದವು, ದಂಡೆಯ ಗಿಡಗಳೂ ಹೋದವು. ನಿಮ್ಮೂರಲ್ಲಿ ಗೂಡು ಇರುವ ಬಾವಿ ಎಷ್ಟು ಉಳಿದಿವೆ ಅಂತ ಎಣಿಸಿ ಇಟ್ಟರೆ ಅದೂ ಒಂದು ದಾಖಲೆಯೇ.

ಗುಬ್ಬಿ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊಬೈಲ್ ಟವರ್‌ನಿಂದ ಗುಬ್ಬಿ ಎಲ್ಲಾ ಸತ್ತು ಹೋದವು ಅಂತ ವಾಟ್ಸ್ಆ್ಯಪ್‌ನಲ್ಲಿ ಪ್ರತಿ ಮಾರ್ಚ್ 20ಕ್ಕೆ ಮೆಸೇಜ್ ಬರುತ್ತದೆ. ಇದೇ ಜನರ ಲೆಕ್ಕದಿಂದ 2020ರಲ್ಲಿ ಬಂದ ಮೊದಲ ವರದಿ ಹೇಳಿದ್ದು ಬೇರೆ. ದೊಡ್ಡ ನಗರಗಳಲ್ಲಿ ಗುಬ್ಬಿ ಕಡಿಮೆ ಆಗಿರೋದು ಖರೆ, ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚು ಕಡಿಮೆ ಹಾಗೇ ಇವೆ. ನವಿಲು ಹೆಚ್ಚಾಗಿವೆ. ಎಣಿಕೆ ಇದ್ದರೆ ಸುಳ್ಳು ಸುದ್ದಿಗೂ ಉತ್ತರ ಇರುತ್ತದೆ.

ರಣಹದ್ದು ಮತ್ತು ಮೆಡಿಕಲ್ ಶಾಪ್

ಎಣಿಸದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ದೊಡ್ಡ ಪಾಠ ರಣಹದ್ದು. 50 ದಾಟಿದವರನ್ನು ಕೇಳಿ, ಊರ ಹೊರಗೆ ಸತ್ತ ದನ ಒಗೆದರೆ ರಣಹದ್ದುಗಳು ಬರುತ್ತಿದ್ದ ಕಾಲ ನೆನಪಿದ್ದವರು ಸಿಗುತ್ತಾರೆ. 1992ರಿಂದ 2007ರ ಒಳಗೆ ಬಿಳಿ ಬೆನ್ನಿನ ರಣಹದ್ದು ದೇಶದಲ್ಲಿ ಶೇ 99ಕ್ಕಿಂತ ಹೆಚ್ಚು ಕಡಿಮೆಯಾಯಿತು. ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಗೂಡುಗಳನ್ನು ವರ್ಷ ವರ್ಷ ಎಣಿಸುತ್ತಿದ್ದುದರಿಂದ ಕುಸಿತ ಕಣ್ಣಿಗೆ ಬಿತ್ತು. ಕಾರಣ ಸಿಕ್ಕಿದ್ದು 2000ದ ದಶಕದ ಆರಂಭದಲ್ಲಿ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ರಣಹದ್ದಿನ ಮೂತ್ರಪಿಂಡ ಕೆಡಿಸುತ್ತಿತ್ತು.

ದನಗಳಿಗೆ ಡೈಕ್ಲೋಫಿನಾಕ್ ಕೊಡುವುದನ್ನು 2006ರಲ್ಲಿ ನಿಲ್ಲಿಸಲಾಯಿತು. ಆದರೆ ಮನುಷ್ಯರಿಗೆ ಬರುವ ದೊಡ್ಡ ಬಾಟಲಿಯನ್ನೇ ದನಕ್ಕೆ ಚುಚ್ಚೋದು ನಡೆದೇ ಇತ್ತು. ಹಾಗಾಗಿ 2015ರಲ್ಲಿ ಮನುಷ್ಯರ ಇಂಜೆಕ್ಷನ್ ಕೂಡ 3 ಮಿ.ಲೀ.ಗಿಂತ ದೊಡ್ಡ ಬಾಟಲಿಯಲ್ಲಿ ಬರಬಾರದು ಎಂದಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫಿನಾಕ್ ಕೂಡ ದನಗಳಿಗೆ ನಿಷೇಧ. ಮೆಲಾಕ್ಸಿಕ್ಯಾಂ ರಣಹದ್ದಿಗೆ ಅಪಾಯ ಇಲ್ಲದ ಔಷಧ. ತಾಲೂಕಿನ ಮೆಡಿಕಲ್ ಅಂಗಡಿಯವರು, ಎಮ್ಮೆ ಆಕಳು ಸಾಕಿದವರು ಇದನ್ನ ತಿಳಿದಿರೋದು ಒಳ್ಳೆಯದು. ರಣಹದ್ದು ಹೋದ ಜಾಗದಲ್ಲಿ ಸತ್ತ ದನ ತಿನ್ನಲು ಬಂದವು ಬೀದಿ ನಾಯಿಗಳು, ಅದರ ತೊಂದರೆ ಯಾರಿಗೆ ಗೊತ್ತಿಲ್ಲ?

ಗೈರಾಣ ಭೂಮಿ 'ಬೀಳು' ಅಲ್ಲ

ಮಹಾಗಾಂವ, ಕಮಲಾಪುರ ಕಡೆ ದಟ್ಟ ಕಾಡು ಇಲ್ಲ. ಕಾಡು ನೋಡಬೇಕು ಅಂದ್ರೆ ಚಿಂಚೋಳಿಗೆ ಹೋಗಬೇಕು. ಅಲ್ಲಿ ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಸುಮಾರು 134 ಚದರ ಕಿ.ಮೀ. ಪ್ರದೇಶ 2011ರಲ್ಲಿ ವನ್ಯಜೀವಿ ಧಾಮ ಆಯಿತು. ಹಂಗಾಗಿ 'ನಮ್ಮಲ್ಲಿ ಏನದ ನೋಡೋಕೆ' ಅನ್ನೋ ಮಾತು ಇಲ್ಲಿ ಸಾಮಾನ್ಯ.

ನಮ್ಮಲ್ಲಿ ಇರೋದು ಕರಿ ಮಣ್ಣಿನ ಹೊಲ, ಬೆಣ್ಣೆತೊರಾ ಹೊಳಿ, ಬೆಳಕೋಟಾ ಹತ್ತಿರದ ಗಂಡೋರಿ ನಾಲಾ ಜಲಾಶಯ, ಹಳ್ಳದ ದಂಡೆ, ಬಾಳಿ ತೋಟ ಮತ್ತು ದನ ಮೇಯುವ ಗೈರಾಣ. ಕೊನೆಯದರ ಬಗ್ಗೆಯೇ ಜಾಸ್ತಿ ಹೇಳಬೇಕಾಗಿದೆ. ಸರ್ಕಾರಿ ಕಾಗದದಲ್ಲಿ ಹುಲ್ಲು, ಕುರುಚಲು ಗಿಡ ಇರುವ ಬಯಲನ್ನು ಬಹಳ ಸಲ ಬೀಳು ಭೂಮಿ ಅಂತ ಬರೆಯುತ್ತಾರೆ. ದೇಶದ ಬೀಳು ಭೂಮಿ ನಕ್ಷೆಯಲ್ಲೇ ಕುರುಚಲು ಬಯಲಿಗೆ ಒಂದು ವರ್ಗ ಇದೆ. ಬೀಳು ಅಂದ ಮೇಲೆ ಯಾರು ಏನು ಮಾಡಿದರೂ ತಪ್ಪಲ್ಲ ಅಂತಾಗುತ್ತದೆ. ಒಮ್ಮೆ ನೀಲಗಿರಿ, ಒಮ್ಮೆ ಸೋಲಾರ್, ಒಮ್ಮೆ ಒತ್ತುವರಿ.

ಆದರೆ ಆ 'ಬೀಳಿ'ನಲ್ಲಿ ವಾಸ ಇರುವವರ ಪಟ್ಟಿ ಸಣ್ಣದಲ್ಲ. ಟಿಟ್ಟಿಭ ಬರೀ ನೆಲದ ಮೇಲೆ, ಗರಸಿನ ನಡುವೆ ತತ್ತಿ ಇಡುತ್ತದೆ. ಕಲ್ಲು ಯಾವುದು, ತತ್ತಿ ಯಾವುದು ಗೊತ್ತಾಗೋದಿಲ್ಲ. ಗೌಜಲಕ್ಕಿ, ಲಾವಕ್ಕಿ ಹುಲ್ಲಿನ ಬುಡದಲ್ಲಿ ಮರಿ ಮಾಡುತ್ತವೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಬರುವ ಸೆಳೆವ ಜಾತಿಯ ಬೇಟೆ ಹಕ್ಕಿಗಳು ಹಗಲೆಲ್ಲ ಹೊಲದ ಮೇಲೆ ತೇಲುತ್ತಾ ಮಿಡತೆ, ಇಲಿ ಹಿಡಿದು, ರಾತ್ರಿ ಗಿಡದ ಮೇಲೆ ಅಲ್ಲ, ಹುಲ್ಲಿನ ನೆಲದ ಮೇಲೇ ಮಲಗುತ್ತವೆ. ತೊಗರಿಗೆ ಕಾಯಿಕೊರಕ ಹುಳ ಬಿತ್ತು ಅಂತ ಎಣ್ಣಿ ಹೊಡೆಯುವ ನಾಡು ಇದು. ಹುಳ, ಮಿಡತೆ, ಇಲಿ ತಿನ್ನುವ ಈ ಹಕ್ಕಿಗಳಿಗೆ ರಾತ್ರಿ ಮಲಗೋಕೆ ಹುಲ್ಲು ಇರಲಿ ಅನ್ನೋದು ರೈತರ ಲಾಭದ ಮಾತೂ ಹೌದು.

ಚಿಗರಿ, ನರಿ, ತೋಳ ಕೂಡ ಇಂಥ ಬಯಲಿನವೇ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗಂತಲೇ ಧಾಮ ಮಾಡಿದ್ದಾರೆ. ಅದು ಇರೋದೂ ಕಾಡಿನಲ್ಲಿ ಅಲ್ಲ, ಕುರುಚಲು ಬಯಲಿನಲ್ಲಿ. ಚಿಗರಿ ಹೊಲಕ್ಕೆ ನುಗ್ಗಿ ಬೆಳೆ ತಿಂದರೆ ನಷ್ಟ ರೈತನದು, ಆ ಸಂಕಟವನ್ನ ಹಕ್ಕಿ ನೋಡುವ ಪ್ಯಾಟಿ ಮಂದಿ ಹಗುರಾಗಿ ತಗೋಬಾರದು. ಆದರೆ ಗೈರಾಣ ಸಣ್ಣದಾದಷ್ಟೂ ಅವು ಹೊಲಕ್ಕೆ ಬರೋದು ಹೆಚ್ಚುತ್ತದೆ.

ಊರಿನವರೇ ಮಾಡಿ ತೋರಿಸಿದ್ದು

ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರ ನಡುವಿನ ಹುಣಸಿ, ಆಲದ ಗಿಡಗಳಲ್ಲಿ ಗೂಡು ಕಟ್ಟುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಮಕ್ಕಳು ಅಂತ ಊರವರು ಭಾವಿಸುತ್ತಾರೆ. ಹಿಕ್ಕೆ ಬಿದ್ದ ಮಣ್ಣು ಒಳ್ಳೆ ಗೊಬ್ಬರ, ಅದೂ ಒಂದು ಲೆಕ್ಕ. ಆದರೆ ಬರೀ ಭಾವನೆಯಿಂದ ಗಿಡ ಉಳಿಯೋದಿಲ್ಲ, ಹುಣಸಿ ಹಣ್ಣು ಮಾರಿದರೆ ರೊಕ್ಕ ಬರುತ್ತದೆ, ಗಿಡ ಕಡಿದು ಮಾರಿದರೂ ಬರುತ್ತದೆ. ಹಂಗಾಗಿ 1970ರ ದಶಕದಿಂದ ಅರಣ್ಯ ಇಲಾಖೆ ಗೂಡು ಇರುವ ಗಿಡದ ಮಾಲೀಕರಿಗೆ ಪರಿಹಾರ ಕೊಡಲು ಶುರು ಮಾಡಿತು. 1990ರ ದಶಕದಲ್ಲಿ ಊರ ಹುಡುಗರೇ 'ಹೆಜ್ಜಾರ್ಲೆ ಬಳಗ' ಕಟ್ಟಿದರು. ಮೈಸೂರಿನ ಹವ್ಯಾಸಿಗಳು ಜೊತೆಯಾದರು. ಗೂಡಿನಿಂದ ಕೆಳಗೆ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ದೊಡ್ಡವು ಮಾಡಿ ಬಿಟ್ಟರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶ ಆಯಿತು, ಅಂದರೆ ಜಮೀನು ಊರವರದೇ, ರಕ್ಷಣೆ ಕಾನೂನಿನದು.

ಗದಗ ಜಿಲ್ಲೆಯ ಮಾಗಡಿ ಕೆರೆಯೂ ನಮ್ಮಂಥದೇ ಬಯಲು ನಾಡಿನ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ಕೆರೆಯಲ್ಲಿದ್ದು ಸಂಜಿಗೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. 2024ರಲ್ಲಿ ಆ ಕೆರೆಯೂ, ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರವೂ ಅಂತರರಾಷ್ಟ್ರೀಯ ರಾಮ್‌ಸರ್ ಪಟ್ಟಿಗೆ ಸೇರಿದವು. ಹಕ್ಕಿಗಳ ಕೆರೆ ಆ ಪಟ್ಟಿ ಸೇರೋಕೆ ಯಾವ ಹಕ್ಕಿ, ಎಷ್ಟು, ಯಾವ ವರ್ಷ ಅನ್ನೋ ಲೆಕ್ಕ ನೆರವಾಗುತ್ತದೆ. ಗಂಡೋರಿ ನಾಲಾಕ್ಕೆ ಅಷ್ಟು ದೊಡ್ಡ ಮಾತು ಈಗಲೇ ಬೇಡ, ಆದರೆ ಚಳಿಗಾಲದ ನಾಲ್ಕು ಭಾನುವಾರ ಅಲ್ಲಿ ಹೋಗಿ ಎಣಿಸೋದಕ್ಕೆ ಯಾರ ಪರವಾನಿಗೆಯೂ ಬೇಕಿಲ್ಲ. ದಂಡೆಯಿಂದಲೇ ನೋಡಬೇಕು, ನೀರಿಗೆ ಇಳಿಯಬಾರದು.

ಶುರು ಮಾಡೋದು ಹೆಂಗ

ದುರ್ಬೀನು ಇದ್ದರೆ ಒಳ್ಳೆಯದು, 8x42 ಅಂತ ಬರೆದಿರೋದು ಹಕ್ಕಿ ನೋಡೋಕೆ ಸಾಕು. ಇಲ್ಲದಿದ್ದರೂ ನಡೀತದ. ಒಂದು ಜಾಗ ಆರಿಸಿ, 15 ನಿಮಿಷ ನಿಂತು, ಕಂಡ ಪ್ರತಿ ಜಾತಿಯ ಹೆಸರು ಮತ್ತು ಸಂಖ್ಯೆ ಬರೆಯಬೇಕು. ಕಾಗಿ, ಪಾರಿವಾಳ, ಗೊರವಂಕ ಅಂತ ಬಿಡಬಾರದು, ಇವತ್ತಿನ ಸಾಮಾನ್ಯ ಹಕ್ಕಿ 20 ವರ್ಷದ ಮೇಲೆ ಸಾಮಾನ್ಯ ಇರುತ್ತದೆ ಅಂತ ಗ್ಯಾರಂಟಿ ಇಲ್ಲ. ಹೆಸರು ಗೊತ್ತಿಲ್ಲದಿದ್ದರೆ ಊಹಿಸಿ ಬರೆಯದೆ ಬಿಡಬೇಕು. ಮರ್ಲಿನ್ ಎಂಬ ಆ್ಯಪ್ ಪುಕ್ಕಟೆ ಸಿಗುತ್ತದೆ, ಕೂಗು ಕೇಳಿಯೇ ಹೆಸರು ಸೂಚಿಸುತ್ತದೆ, ಆದರೆ ಅದು ಹೇಳಿದ್ದೆಲ್ಲ ಖರೆ ಅಲ್ಲ. ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಪಟ್ಟಿಗೆ ಹಾಕಬೇಕು.

ಚಿಟ್ಟೆ, ಗಿಡ, ಓತಿಕ್ಯಾತದಂಥವಕ್ಕೆ ಐ-ನ್ಯಾಚುರಲಿಸ್ಟ್ ಆ್ಯಪ್ ಇದೆ. ಫೋಟೊ ಹಾಕಿದರೆ ಬೇರೆ ಬೇರೆ ಊರಿನ ತಿಳಿದವರು ನೋಡಿ ಹೆಸರು ಖಚಿತ ಮಾಡುತ್ತಾರೆ. ಗಿಡಗಳ ಬಗ್ಗೆ ಆಸಕ್ತಿ ಇದ್ದವರಿಗೆ ಸೀಸನ್‌ವಾಚ್. ಮನಿ ಮುಂದಿನ ಒಂದೇ ಬೇವಿನ ಗಿಡವನ್ನು ವಾರಕ್ಕೊಮ್ಮೆ ನೋಡಿ, ಚಿಗುರು, ಹೂ, ಕಾಯಿ ಇದೆಯೋ ಇಲ್ಲವೋ ಬರೆಯೋದು, ಅಷ್ಟೇ ಕೆಲಸ. ಯುಗಾದಿಗೆ ಬೇವಿನ ಹೂ ಬೇಕು ಅಂತ ಎಲ್ಲರೂ ಹುಡುಕುತ್ತಾರೆ. ಒಂದು ವರ್ಷ ಬೇಗ, ಒಂದು ವರ್ಷ ತಡ ಆಗೋದನ್ನ ಹತ್ತು ವರ್ಷ ಬರೆದಿಟ್ಟರೆ ಹವಾಮಾನ ಬದಲಾಗಿದೆಯೋ ಇಲ್ಲವೋ ಆ ಗಿಡವೇ ಹೇಳುತ್ತದೆ. ಶಾಲೆ ಮಕ್ಕಳಿಗೆ ಇದಕ್ಕಿಂತ ಸುಲಭದ ವಿಜ್ಞಾನ ಪ್ರಯೋಗ ಇನ್ನೊಂದಿಲ್ಲ. ಜಿಲ್ಲೆಯ ಗಿಡಗಳ ಬಗ್ಗೆ ಗುಲಬರ್ಗಾ ವಿಶ್ವವಿದ್ಯಾಲಯ 2000ದಲ್ಲಿ ಒಂದು ಪುಸ್ತಕವನ್ನೇ ತಂದಿದೆ, ಅದು ಇಂಗ್ಲಿಷ್‌ನಲ್ಲಿದೆ.

ಕೆಲವು ಕಟ್ಟುಪಾಡುಗಳೂ ಇವೆ. ಗೂಡಿನ ಹತ್ತಿರ ಹೋಗಿ ಫೋಟೊ ತೆಗೆಯಬಾರದು, ಗೂಡಿನ ಜಾಗ ಸ್ಟೇಟಸ್‌ಗೆ ಹಾಕಬಾರದು. ಮೊಬೈಲ್‌ನಲ್ಲಿ ಕೂಗು ಹಾಕಿ ಹಕ್ಕಿ ಕರೆಯಬಾರದು. ರೆಕ್ಕೆಪುಕ್ಕ ಬಂದ ಮರಿ ನೆಲದ ಮೇಲೆ ಕಂಡರೆ ಎತ್ತಿಕೊಂಡು ಮನಿಗೆ ತರಬಾರದು. ಅದು ಹಾರಲು ಕಲಿಯುತ್ತಿರುತ್ತದೆ, ತಾಯಿ ಹತ್ತಿರದಲ್ಲೇ ಇರುತ್ತದೆ. ನಾಯಿ, ಬೆಕ್ಕು ಇದ್ದರೆ ಪಕ್ಕದ ಕಂಟಿ ಮೇಲೆ ಇಟ್ಟು ದೂರ ಸರಿದರೆ ಸಾಕು. ಹಾವು ಕಂಡರೆ ಹಿಡಿಯೋ ಶೌರ್ಯ ಬೇಡವೇ ಬೇಡ. ಗಾಯಗೊಂಡ ಪ್ರಾಣಿ ಪಕ್ಷಿ, ಬೇಟೆ, ಮರಗಳ್ಳತನ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಬಹುದು.

ಅಂಗಡಿಯವರ ಕೈಯಲ್ಲಿರೋದು

ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದ ತುಂಬ ನಿಷೇಧಿಸಿದೆ. ಗಾಳಿಪಟದ ದಿನ ಮುಗಿದ ಮೇಲೂ ಅದು ಗಿಡದಲ್ಲಿ ಕೊಳೆಯದೆ ಉಳಿದು ಹದ್ದು, ಗೂಬೆ, ಬಾವಲಿಗಳ ರೆಕ್ಕೆ ಕತ್ತರಿಸುತ್ತದೆ. ಬೈಕ್ ಸವಾರರ ಕುತ್ತಿಗೆ ಕೊಯ್ದ ಸುದ್ದಿಗಳೂ ಬಂದಿವೆ. ಹತ್ತಿ ದಾರ ಇಟ್ಟರೂ ಗಾಳಿಪಟ ಹಾರುತ್ತದೆ. ಇಲಿಗೆ ಅಂತ ಮಾರುವ ಅಂಟಿನ ಹಲಗೆ ಹೊರಗೆ ಬಯಲಲ್ಲಿ ಇಟ್ಟರೆ ಗುಬ್ಬಿ, ಹಲ್ಲಿ, ಹಾವು ಅಂಟಿಕೊಂಡು ಒದ್ದಾಡಿ ಸಾಯುತ್ತವೆ, ಗಿರಾಕಿಗೆ ಮಾರುವಾಗ ಮನಿ ಒಳಗೆ ಮಾತ್ರ ಇಡ್ರಿ ಅಂತ ಒಂದು ಮಾತು ಹೇಳಬಹುದು. ಪಂಜರದ ಗಿಣಿ ಸಾಕೋದು, ಹಿಡಿದ ಗೌಜಲಕ್ಕಿ, ಲಾವಕ್ಕಿ ಮಾರೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. 'ಎಲ್ಲರೂ ಮಾಡ್ತಾರ' ಅನ್ನೋದು ಕೇಸಿನಲ್ಲಿ ನಡೆಯೋದಿಲ್ಲ. ಬ್ಯಾಸಗಿಯಲ್ಲಿ ಅಂಗಡಿ ಮುಂದಿನ ನೆರಳಿಗೆ ಮಣ್ಣಿನ ಬಟ್ಟಲಲ್ಲಿ ನೀರಿಡುವವರು ದಿನಾ ತೊಳೆದು ಇಡಬೇಕು, ಹೊಲಸು ನೀರಿನಿಂದ ಹಕ್ಕಿಗಳಿಗೆ ರೋಗ ಹರಡುತ್ತದೆ.

ಪಟ್ಟಿ ಎಲ್ಲಿಗೆ ಹೋಗಬೇಕು

ಆ್ಯಪ್‌ಗೆ ಹಾಕಿದ ಪಟ್ಟಿ ದಿಲ್ಲಿ ವರದಿಗೆ ಹೋಗುತ್ತದೆ, ಊರಿಗೇನು ಬಂತು ಅಂತ ಕೇಳಬಹುದು. ಅದಕ್ಕೂ ದಾರಿ ಇದೆ, ಆದರೆ ಬಹಳ ಮಂದಿಗೆ ಗೊತ್ತಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆ, ಅಂದರೆ ಗ್ರಾಮ ಪಂಚಾಯ್ತಿಯೂ, ಜೀವವೈವಿಧ್ಯ ನಿರ್ವಹಣಾ ಸಮಿತಿ ಮಾಡಬೇಕು. ಊರಿನ ಗಿಡ, ಪ್ರಾಣಿ, ಹಕ್ಕಿ, ನಾಟಿ ತಳಿ, ಔಷಧಿ ಬೇರು ಎಲ್ಲದರ ಮಾಹಿತಿ ಇರುವ 'ಜನತಾ ಜೀವವೈವಿಧ್ಯ ದಾಖಲಾತಿ' ಎಂಬ ಪುಸ್ತಕವನ್ನು ಊರವರನ್ನು ಕೇಳಿಯೇ ಬರೆಯಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟಿದ್ದರಿಂದ ದೇಶದಲ್ಲಿ ಸಾವಿರಾರು ಪುಸ್ತಕಗಳು ತರಾತುರಿಯಲ್ಲಿ ತಯಾರಾದವು. ಹಿಂಗ ಅವಸರದಲ್ಲಿ ಬರೆದ ಪುಸ್ತಕದಲ್ಲಿ ಯಾವ ಊರಿನ ಹಕ್ಕಿ ಯಾವ ಊರಿಗೆ ಸೇರಿತೋ ದೇವರಿಗೇ ಗೊತ್ತು. ನಿಮ್ಮ ಪಂಚಾಯ್ತಿಯ ಪುಸ್ತಕ ಕೇಳಿ ನೋಡಿ, ಅದರಲ್ಲಿ ಇಲ್ಲದ್ದನ್ನ ಸೇರಿಸಿ ಅಂತ ಅರ್ಜಿ ಕೊಡಬಹುದು.

ಈ ಪಟ್ಟಿ ಕೆಲಸಕ್ಕೆ ಬರುವ ಇನ್ನೊಂದು ಜಾಗ ರಸ್ತೆ ಅಗಲೀಕರಣ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಡಿ ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಮೊದಲು ನೋಟಿಸ್ ಹಾಕಿ ಜನರ ಆಕ್ಷೇಪಣೆ ಕೇಳಬೇಕು. 'ಹಳೆ ಗಿಡ, ಕಡೀಬ್ಯಾಡ್ರಿ' ಅಂತ ಬರೆದ ಅರ್ಜಿಗೂ, 'ಈ ಹುಣಸಿ ಗಿಡದ ಪೊಟರೆಯಲ್ಲಿ ಮೂರು ವರ್ಷದಿಂದ ನೀಲಕಂಠ ಮರಿ ಮಾಡುತ್ತಿದೆ, ತಾರೀಖು ಇಲ್ಲಿದೆ' ಅಂತ ಬರೆದ ಅರ್ಜಿಗೂ ವ್ಯತ್ಯಾಸ ಇದೆ. ನೀಲಕಂಠ ಗೂಡು ಕಟ್ಟೋದಿಲ್ಲ, ಹಳೆ ಗಿಡದ ಪೊಟರೆಯೇ ಅದರ ಮನಿ. ಹೊಸದಾಗಿ ಹಚ್ಚಿದ ಸಸಿಯಲ್ಲಿ ಪೊಟರೆ ಬರಲು ಎಷ್ಟೋ ದಶಕ ಬೇಕು.

ಪ್ರತಿ ವರ್ಷ ಫೆಬ್ರುವರಿ ಮಧ್ಯದಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ನಡೆಯುತ್ತದೆ. ಭಾರತ 2013ರಿಂದ ಇದರಲ್ಲಿ ಇದೆ. ಹೊತ್ತಿಗೆ ತೊಗರಿ ರಾಶಿ ಮುಗಿದು, ಜೋಳ ನಿಂತಿರುತ್ತದೆ, ವಲಸೆ ಹಕ್ಕಿಗಳು ಇನ್ನೂ ಹೋಗಿರೋದಿಲ್ಲ. ಎಣಿಸಿದ ಪಟ್ಟಿಯ ಮೇಲೆ ಜಾಗ, ತಾರೀಖು, ಹೊತ್ತು, ನೋಡಿದವರ ಹೆಸರು ಇರಲಿ. ಒಂದು ಪ್ರತಿ ಪಂಚಾಯ್ತಿಯ ಪಿಡಿಒ ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿ ಸಹಿ, ಸಿಕ್ಕಾ ಹಾಕಿಸಿಕೊಂಡು ಮನಿಯಲ್ಲಿ ಇಟ್ಟುಕೊಳ್ಳಿ.